ಮಾದರಿ ಗಂಡನಿಗೆ ಸರ್ಕಾರಿ ಸರ್ಟಿಫಿಕೇಟು

ಹೆಂಡತಿಗೆ ಗಂಡನ ಮೇಲೆ ಇರುವುದು ಒಂದೇ ದೂರು: ದೂರಲಿಕ್ಕೆ ಇವನಲ್ಲಿ ಏನೂ ಇಲ್ಲ. ಪೋಲಿತನವಿಲ್ಲ, ಅಲೆದಾಟವಿಲ್ಲ, ಕಣ್ಣು ಅತ್ತಿತ್ತ ಹೋಗುವುದಿಲ್ಲ. ಇಂಥವನ ಜೊತೆ ಬಾಳುವೆ ಮಾಡುವುದಾದರೂ ಹೇಗೆ?

1937ರ ಜರ್ಮನ್ ಹಾಸ್ಯಚಿತ್ರ ‘ಡೆರ್ ಮುಸ್ಟರ್‌ಗಾಟೆ’, ಅಂದರೆ ‘ಮಾದರಿ ಗಂಡ’, ನಿಂತಿರುವುದು ಇಷ್ಟರ ಮೇಲೆ. ಬ್ಯಾಂಕಿನ ಯಜಮಾನ ಬಿಲ್ಲಿ ಬಾರ್ಟ್ಲೆಟ್‌ನ ಪಾತ್ರದಲ್ಲಿ ಹೈನ್ಸ್ ರೂಮನ್, ಆ ಕಾಲದ ಜರ್ಮನಿಯ ಮುದ್ದಿನ ನಟ. ಹೆಂಡತಿಯ ಹೊಟ್ಟೆ ಉರಿಸಬೇಕೆಂದು ಬಿಲ್ಲಿ ಒಂದು ರಾತ್ರಿ ಪರರ ಹೆಂಡತಿಯ ಜೊತೆ ಕುಡಿಯಲು ಕೂರುತ್ತಾನೆ. ಇಬ್ಬರಿಗೂ ಅಭ್ಯಾಸವಿಲ್ಲ. ಪಾಪ ಮಾಡಲು ಹೊರಟವರಿಗೆ ಪಾಪ ಮಾಡುವಷ್ಟು ಎಚ್ಚರವೂ ಉಳಿಯುವುದಿಲ್ಲ! ಕೊನೆಗೆ ಗೊಂದಲ ಕರಗಿ ಎಲ್ಲರೂ ತಂತಮ್ಮ ಜೋಡಿಗೆ ವಾಪಸ್. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಇಲ್ಲಿ ಕುಡಿದು ಮಲಗುವ ತನಕ.

ಕಥೆ ಜರ್ಮನಿಯದಲ್ಲ. ಅಮೆರಿಕದ ಏವರಿ ಹಾಪ್‌ವುಡ್ 1915ರಲ್ಲಿ ರಂಗಕ್ಕೆ ತಂದ ನಾಟಕ ಅದು. ಶುದ್ಧ ರಕ್ತದ ಭಾಷಣ ಬಿಗಿಯುತ್ತಿದ್ದ ರಾಜ್ಯದಲ್ಲಿ ನಗುವನ್ನು ಮಾತ್ರ ಆಮದು ಮಾಡಿಕೊಳ್ಳಬಹುದಿತ್ತು. ಪ್ರಚಾರ ಮಂತ್ರಿ ಗೊಬೆಲ್ಸ್ ದಡ್ಡನಲ್ಲ. ದಿನವಿಡೀ ಘೋಷಣೆ ಕೇಳಿದ ಜನಕ್ಕೆ ಸಂಜೆ ಕಚಗುಳಿ ಇಡಬೇಕೆಂದು ಬಲ್ಲವನು.

ಸಂಸಾರದ ತಾಪತ್ರಯವೂ ಅವನಿಗೆ ಹೊಸದಲ್ಲ. ಜೆಕ್ ನಟಿ ಲೀಡಾ ಬಾರೋವಾಳ ಜೊತೆಗಿನ ಅವನ ಪ್ರಣಯ ಹೆಂಡತಿ ಮಾಗ್ಡಾ ವಿಚ್ಛೇದನದ ಮಾತೆತ್ತುವ ತನಕ ಹೋಯಿತು. 1938ರಲ್ಲಿ ಪಂಚಾಯ್ತಿಗೆ ಕೂತದ್ದು ಸಾಕ್ಷಾತ್ ಹಿಟ್ಲರ್. ತಾನಿನ್ನೂ ಬ್ರಹ್ಮಚಾರಿಯಾದ್ದರಿಂದ ದಾಂಪತ್ಯದ ಬಗ್ಗೆ ಅವನಿಗೆ ಅಪಾರ ಗೌರವ. ನಟಿಯನ್ನು ಬಿಡು ಎಂದು ತೀರ್ಪಾಯಿತು, ಮಂತ್ರಿಯ ಮನೆ ಉಳಿಯಿತು.

ಅದೇ 1938ರಲ್ಲಿ ಮಾದರಿ ಗಂಡನ ಮನೆ ಮುರಿಯಿತು. ರೂಮನ್‌ನ ಹೆಂಡತಿ ಮಾರಿಯಾ ಬೆರ್ನ್‌ಹೈಮ್ ಯಹೂದಿ. ಯಹೂದಿಗಳ ಜೊತೆ ಹೊಸ ಮದುವೆಯನ್ನು 1935ರ ನ್ಯೂರೆಂಬರ್ಗ್ ಕಾನೂನು ನಿಷೇಧಿಸಿತ್ತು. ಹಳೆಯ ಮದುವೆಗಳನ್ನು ಬಿಡಿಸಲು ಕಾನೂನೇಕೆ, ಒತ್ತಡ ಸಾಕು. ನಮ್ಮಲ್ಲಿ ತಾಳಿ ಕಟ್ಟುವ ಮೊದಲು ಕುಲಗೋತ್ರ ಕೆದಕುತ್ತಾರೆ. ಅಲ್ಲಿ ಸಂಸಾರ ಹೂಡಿ ವರ್ಷಗಳು ಕಳೆದ ಮೇಲೆ ಹೆಂಡತಿಯ ಅಜ್ಜ ಅಜ್ಜಿಯರನ್ನು ಎಣಿಸಲು ಕೂತರು. ವಿಚ್ಛೇದನವಾಯಿತು. ಮಾರಿಯಾ ಸ್ವೀಡನ್ನಿನ ನಟನೊಬ್ಬನನ್ನು ಮದುವೆಯಾಗಿ, ಆ ದೇಶ ಸೇರಿ ಬದುಕಿಕೊಂಡರು. ರೂಮನ್‌ನ ಚಿತ್ರಗಳು ಓಡುತ್ತಲೇ ಇದ್ದವು.

ನಟ ಯೋಆಖಿಮ್ ಗೊಟ್‌ಶಾಲ್ಕ್ ಮಾತ್ರ ಹಠ ಹಿಡಿದರು. ಯಹೂದಿ ಹೆಂಡತಿ ಮೆಟಾಳನ್ನು ಬಿಡುವುದಿಲ್ಲ ಎಂದರು. ಹೆಂಡತಿ, ಮಗನನ್ನು ದೇಶದಿಂದ ಸಾಗಹಾಕುವ ಬೆದರಿಕೆ ಬಂತು. 1941ರ ನವೆಂಬರಿನಲ್ಲಿ ಗಂಡಹೆಂಡತಿ ಬರ್ಲಿನ್ನಿನ ಮನೆಯಲ್ಲಿ ಎಳೆಯ ಮಗನೊಡನೆ ಪ್ರಾಣ ಕಳೆದುಕೊಂಡರು. ಜರ್ಮನಿಯಲ್ಲಿ ನಿಜವಾಗಿಯೂ ಒಬ್ಬ ಮಾದರಿ ಗಂಡ ಸಿಕ್ಕಿದ್ದ. ಸರ್ಕಾರಕ್ಕೆ ಆ ಮಾದರಿ ಹಿಡಿಸಲಿಲ್ಲ.

ಹಿಡಿಸಿದ ಮಾದರಿ ಯಾವುದು? ‘ಮಾದರಿ ಗಂಡ’ದ ನಿರ್ದೇಶಕ ವೋಲ್ಫ್‌ಗಾಂಗ್ ಲೀಬನೈನರ್ ಅದನ್ನೂ ತೋರಿಸಿಕೊಟ್ಟ. ಅವನ 1941ರ ‘ಇಷ್ ಕ್ಲಾಗೆ ಆನ್’ ಚಿತ್ರದಲ್ಲಿ ವೈದ್ಯನೊಬ್ಬ ಗುಣವಾಗದ ಕಾಯಿಲೆಯ ಹೆಂಡತಿಗೆ ಪ್ರೀತಿಯಿಂದಲೇ ವಿಷ ಕೊಡುತ್ತಾನೆ, ಕೋರ್ಟಿನಲ್ಲಿ ಎದೆಯುಬ್ಬಿಸಿ ಸಮರ್ಥಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಸರ್ಕಾರ 70,000ಕ್ಕೂ ಹೆಚ್ಚು ರೋಗಿಗಳನ್ನು, ಅಂಗವಿಕಲರನ್ನು ವಿಷಾನಿಲದಿಂದ ಕೊಂದಿತ್ತು. ಅವರನ್ನು ಯಾರೂ ಪ್ರೀತಿಯಿಂದ ಕೇಳಿರಲಿಲ್ಲ. ನಾಲ್ಕೇ ವರ್ಷದಲ್ಲಿ ಎಂಥ ಬಡ್ತಿ ನೋಡಿ: ಮೊದಲ ಗಂಡ ಹೆಂಡತಿಗೆ ಬೇಸರ ತರಿಸಿದ, ಎರಡನೆಯವನು ಹೆಂಡತಿಯನ್ನೇ ಮುಗಿಸಿದ. ಇಬ್ಬರೂ ಹೇಳಿದಂತೆ ಕೇಳುವವರು.

ಈ ಹಳೆಯ ಹಾಸ್ಯಚಿತ್ರಗಳಲ್ಲಿ ರಾಜಕೀಯ ಎಲ್ಲಿದೆ, ಬರೀ ಮನರಂಜನೆಯಲ್ಲವೇ ಎನ್ನುವವರಿದ್ದಾರೆ. ಒಪ್ಪೋಣ. ರಾಜಕೀಯಕ್ಕೆ ಒಳಗೆ ಟಿಕೆಟ್ ಇರಲಿಲ್ಲ. ಅದು ಹೊರಗೆ ಗೇಟಿನಲ್ಲಿ ನಿಂತು ಯಾರು ನಗಬಹುದು, ಯಾರು ಯಾರ ಜೊತೆ ಮನೆಗೆ ಹೋಗಬಹುದು ಎಂದು ತೀರ್ಮಾನಿಸುತ್ತಿತ್ತು.

ಯುದ್ಧ ಮುಗಿದ ಮೇಲೂ ಲೀಬನೈನರ್ ಚಿತ್ರ ತೆಗೆಯುತ್ತಲೇ ಹೋದ. 1956ರಲ್ಲಿ ಬಂದ ‘ಡಿ ಟ್ರಾಪ್ ಫಮೀಲಿಯೆ’ ನಾಜಿಗಳ ಕೈಗೆ ಸಿಗದೆ ದೇಶ ಬಿಡುವ ಹಾಡುಗಾರ ಕುಟುಂಬದ ಕಥೆ. ‘ಸೌಂಡ್ ಆಫ್ ಮ್ಯೂಸಿಕ್’ಗೆ ದಾರಿ ಮಾಡಿದ ಚಿತ್ರ. ಅದರಲ್ಲಿ ಕುಟುಂಬ ಕೂದಲೂ ಕೊಂಕದೆ ಪಾರಾಗುತ್ತದೆ. ನಿರ್ದೇಶಕನೂ ಅಷ್ಟೇ.