ಡ್ಯುಪ್ಲಿಕೇಟ್ ಅಲ್ಲ ಮಾರಾಯ್ರೆ!

ಹೀರೋಗೆ ವಯಸ್ಸಾದದ್ದು ಹೀರೋಗೆ ಗೊತ್ತು, ನಿರ್ಮಾಪಕನಿಗೆ ಗೊತ್ತು, ತಲೆಯ ಮೇಲಿನ ವಿಗ್ಗಿಗಂತೂ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಅಭಿಮಾನಿ. ಮುಂಬಯಿಯ ಯಾವ ಉಪನಗರದಲ್ಲಿ ಇಳಿದರೂ ಇಂಥವನೊಬ್ಬ ಸಿಗುತ್ತಾನೆ. ಕೈಗೆ ಸಿಕ್ಕವರನ್ನು ಮ್ಯಾಟಿನಿಗೆ ಎಳೆದೊಯ್ಯದೆ ಬಿಡುವುದಿಲ್ಲ.

ನನ್ನ ಪಾಲಿಗೆ ಬಂದವರು ಜೋಗೇಶ್ವರಿಯ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಮಾಮ. ಗಿರಾಕಿಗಳಿಗೆಲ್ಲ ಅವರು ಮಾಮನೇ. ಮೀಸೆ ಮೂಡುವ ಮೊದಲೇ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವರು. ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗೆಂದು ಹೊರಟು, ಗ್ರಾಂಟ್ ರೋಡಿನ ಪಿಲಾ ಹೌಸ್ ಥಿಯೇಟರುಗಳಲ್ಲಿ ಮೆಟ್ರಿಕ್ ಮುಗಿಸಿದವರು. ಆಲ್ಫ್ರೆಡ್, ನಿಶಾತ್, ಗುಲ್ಶನ್ ಎಂಬ ಹೆಸರುಗಳನ್ನು ನಮ್ಮ ಹಿರಿಯರು ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಎನ್ನುವಷ್ಟೇ ಭಕ್ತಿಯಿಂದ ಹೇಳುತ್ತಾರೆ.

ಅವರ ಕುಲದೈವ ಮಿಥುನ್ ಚಕ್ರವರ್ತಿ. ‘ಮೃಗಯಾ’ಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಮಾಮನಿಗೆ ಮುಖ್ಯವಲ್ಲ, 1979ರ ‘ಸುರಕ್ಷಾ’ ಮತ್ತು 1983ರ ‘ಕರಾಟೆ’ ಮುಖ್ಯ. 1989 ಒಂದೇ ವರ್ಷದಲ್ಲಿ ಅವರ ಹತ್ತೊಂಬತ್ತು ಚಿತ್ರ ಬಿಡುಗಡೆಯಾದದ್ದು ಲಿಮ್ಕಾ ದಾಖಲೆ ಪುಸ್ತಕ ಸೇರಿದೆ ಎಂದು ಇಡ್ಲಿ ತಿನ್ನಲು ಬಂದವರಿಗೂ ಹೇಳುತ್ತಾರೆ. ತೊಂಬತ್ತರ ದಶಕದಲ್ಲಿ ಮಿಥುನ್ ದಾದಾ ಊಟಿಗೆ ಹೋಗಿ, ಸ್ವಂತ ಹೋಟೆಲಿನಲ್ಲೇ ಯೂನಿಟ್ ಇಳಿಸಿ, ಸಣ್ಣ ಬಜೆಟ್ಟಿನ ಚಿತ್ರಗಳನ್ನು ಸರಸರ ಮುಗಿಸತೊಡಗಿದಾಗ ಉಳಿದವರೆಲ್ಲ ನಕ್ಕರು. ಮಾಮ ನಗಲಿಲ್ಲ. ‘ನಟನೆ ಯಾರು ಬೇಕಾದ್ರೂ ಮಾಡ್ತಾರೆ, ಹೋಟೆಲ್ ನಡೆಸಿ ತೋರಿಸಲಿ’ ಎಂದರು.

ದೈವಕ್ಕೆ ಬಿಡುವಿದ್ದಾಗ ಪರಿವಾರ ದೈವಗಳಿಗೂ ಸೇವೆ ಸಲ್ಲುತ್ತಿತ್ತು. ಒಂದು ಮಳೆಗಾಲದ ಭಾನುವಾರ ನಾನು ಸಿಕ್ಕಿಬಿದ್ದದ್ದು ಅಂಥದೊಂದು ಸೇವೆಯಲ್ಲಿ. ಹೀರೋನ ಹೆಸರು ಹೇಳಲಾರೆ, ಹೇಳಿದರೆ ನನ್ನ ಪುಕ್ಕಟೆ ಚಹಾ ನಿಲ್ಲುತ್ತದೆ. ಕಪ್ಪು ಅಂಗಿ, ಹಣೆಗೆ ಪಟ್ಟಿ, ನಡುವಿಗೆ ಬ್ಲ್ಯಾಕ್ ಬೆಲ್ಟು. ಆ ಬೆಲ್ಟಿಗೆ ಹೊಟ್ಟೆಯನ್ನು ತಡೆದು ನಿಲ್ಲಿಸುವುದೇ ಸಾಕಷ್ಟು ಕೆಲಸವಾಗಿತ್ತು. ಪಾಳುಬಿದ್ದ ಮಿಲ್ಲು ತೆರೆಯ ಮೇಲೆ ಬಂದದ್ದೇ ಮಾಮ ನನ್ನ ತೋಳು ತಿವಿದರು: ‘ಮುಕೇಶ್ ಮಿಲ್!’ ಕೊಲಾಬಾದ ಆ ಮಿಲ್ಲು 1982ರ ಬೆಂಕಿಗೆ ಮುಚ್ಚಿಹೋದ ಮೇಲೆ ಹಿಂದಿ ಚಿತ್ರಗಳ ಅರ್ಧ ಕ್ಲೈಮ್ಯಾಕ್ಸುಗಳು ಅಲ್ಲೇ ನಡೆದಿವೆ. ಮಾಮನಿಗೆ ಅದರ ಒಂದೊಂದು ಗೋಡೆಯೂ ಪರಿಚಯ. ರೌಡಿಗಳು ಸರದಿ ತಪ್ಪದೆ ಬಂದು ಏಟು ತಿಂದು ಹೋಗುತ್ತಿದ್ದರು. ಕೆಲವರು ಎರಡು ಸಲ ಬಂದರು, ಬಜೆಟ್ಟೇ ಅಷ್ಟು.

ಆಮೇಲೆ ಹೀರೋ ಕಾಲೆತ್ತಿದ. ಮೊಣಕಾಲಿನ ಮಟ್ಟದವರೆಗೆ ಎತ್ತಿದ್ದು ಅವನೇ. ಅಲ್ಲಿಂದ ಮೇಲಕ್ಕೆ ಎತ್ತಿದ್ದು ಬೇರೆ ಯಾರೋ. ಆ ಬೇರೆಯವನಿಗೆ ಹೊಟ್ಟೆ ಇರಲಿಲ್ಲ, ಭುಜದವರೆಗೆ ಕೂದಲಿತ್ತು, ಕ್ಯಾಮರಾಕ್ಕೆ ಸದಾ ಬೆನ್ನು.

‘ಡ್ಯುಪ್ಲಿಕೇಟ್’ ಎಂದೆ ಮೆಲ್ಲಗೆ.

ಮಾಮ ಸಿನಿಮಾ ಬಿಟ್ಟು ನನ್ನ ಕಡೆ ಪೂರ್ತಿ ತಿರುಗಿದರು. ‘ಡ್ಯುಪ್ಲಿಕೇಟ್ ಅಲ್ಲ ಮಾರಾಯ್ರೆ! ಹಾರುವಾಗ ಹೊಟ್ಟೆ ಒಳಗೆ ಎಳ್ಕೊಳ್ತಾನೆ. ಉಸಿರಿನ ಮೇಲೆ ಹಿಡಿತ ಬೇಕು ಅದಕ್ಕೆ.’

‘ಮತ್ತೆ ಕೂದಲು?’

‘ಗಾಳಿಗೆ.’

ಹಿಂದಿನ ಸಾಲಿನಿಂದ ಯಾರೋ ‘ಚುಪ್ ಬೈಠೋ’ ಎಂದು ಗದರಿದರು. ಮಾಮ ಸುಮ್ಮನಾದದ್ದು ಇಂಟರ್ವಲ್ ತನಕ ಮಾತ್ರ. ಸಮೋಸಾ ತಿನ್ನುತ್ತ ಉಸಿರಾಟದ ಪಾಠ ಮುಂದುವರಿಯಿತು. ಫೈಟಿಂಗ್ ಕಲೆಯೇ ನಮ್ಮ ಜಿಲ್ಲೆಯ ಆಸ್ತಿ ಎಂಬುದು ಅದರ ಎರಡನೇ ಅಧ್ಯಾಯ. ಮಂಗಳೂರು ಕಡೆಯಿಂದ ಬಂದು ಹಿಂದಿ ಚಿತ್ರರಂಗದಲ್ಲಿ ಫೈಟ್ ಮಾಸ್ಟರನೂ ಬೋಳುತಲೆಯ ಖಳನೂ ಆದ ಎಂ. ಬಿ. ಶೆಟ್ಟಿ 1982ರಲ್ಲಿ ತೀರಿಕೊಂಡರು. ಮಗ ರೋಹಿತ್ ಶೆಟ್ಟಿ ಈಗ ಕಾರುಗಳನ್ನು ಹಾರಿಸುತ್ತಾರೆ. ‘ಅಪ್ಪ ಮನುಷ್ಯರನ್ನೇ ಹಾರಿಸ್ತಿದ್ದ’ ಎಂದು ಮಾಮ ನಿಟ್ಟುಸಿರಿಟ್ಟರು.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲೂ ನಾನು ಒಪ್ಪದಿರುವುದು ಕಂಡು, ಅವರು ಚೀಲವನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, ‘ಹಾ’ ಎಂದು ಒದ್ದರು. ಚಪ್ಪಲಿ ಹಾರಿ ಹಳಿಯ ಮೇಲೆ ಬಿತ್ತು. ಬೊರಿವಲಿ ಸ್ಲೋ ಬಂದು ಅದರ ಮೇಲೆಯೇ ನಿಂತಿತು. ಜನ ಚಪ್ಪಾಳೆ ತಟ್ಟಿದರು, ನಾನು ಪರಿಚಯವಿಲ್ಲದವನಂತೆ ಇಂಡಿಕೇಟರ್ ನೋಡುತ್ತ ನಿಂತೆ. ಆದರೂ ಕಂಡದ್ದನ್ನು ಹೇಳಲೇಬೇಕು. ಆ ನರೆತ ತಲೆಯ ಮನುಷ್ಯನ ಕಾಲು ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ತೆರೆಯ ಮೇಲಿನ ಹೀರೋನದು ಬಂದಿರಲಿಲ್ಲ.

ಎಲ್ಲಿ ಕಲಿತಿರಿ ಎಂದರೆ ಗಾಡಿಯಲ್ಲಿ ಹೇಳಿದರು. ಬ್ರೂಸ್ ಲೀ 1973ರಲ್ಲೇ ಸತ್ತಿದ್ದ. ಮಾಮ ಊರಿನಿಂದ ಬರುವಷ್ಟರಲ್ಲಿ ಅವನ ಗಾಳಿ ಮುಂಬಯಿಯ ಚಾಳುಗಳ ತಾರಸಿ ಹತ್ತಿತ್ತು. ಕ್ಲಾಸಿನ ಫೀಸಿಗೆ ದುಡ್ಡಿರಲಿಲ್ಲ. ಮಧ್ಯರಾತ್ರಿ ಹೋಟೆಲಿನ ಶಟರ್ ಎಳೆದ ಮೇಲೆ ಹುಡುಗರೆಲ್ಲ ಟೇಬಲ್ ಬದಿಗೆ ಸರಿಸಿ, ಪಿಕ್ಚರಿನಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಹಿಟ್ಟಿನ ಗೋಣಿಗೆ ಒದೆಯುತ್ತಿದ್ದರು. ಹಗಲಿಡೀ ‘ಏ ಪೋರಾ’ ಎಂದು ಕರೆಸಿಕೊಂಡವರಿಗೆ ಒದೆಯಲು ಆ ಗೋಣಿಯಾದರೂ ಇತ್ತು. ಒದ್ದಾದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗುತ್ತಿದ್ದರು. ನಾನು ಆ ದಿನ ಡ್ಯುಪ್ಲಿಕೇಟಿನ ಮಾತು ಮತ್ತೆ ಎತ್ತಲಿಲ್ಲ.

ಈಗೀಗ ಮಾಮನಿಗೆ ಹೊಸ ತಲೆನೋವು. 1998ರಲ್ಲಿ ಬಂದು ಹೋದ, ಕಾಂತಿ ಶಾ ನಿರ್ದೇಶನದ ಮಿಥುನ್ ಚಿತ್ರ ‘ಗುಂಡಾ’ವನ್ನು ಕಾಲೇಜು ಹುಡುಗರು ಮೊಬೈಲಿನಲ್ಲಿ ಹಾಕಿ, ಅದರ ಪ್ರಾಸದ ಡೈಲಾಗುಗಳನ್ನು ಒಟ್ಟಿಗೆ ಕೂಗಿ, ಹೊಟ್ಟೆ ಹಿಡಿದು ನಗುತ್ತಾರೆ. ದಾದಾನ ಅಭಿಮಾನಿಗಳೆಂದು ಹೇಳಿಕೊಳ್ಳುತ್ತಾರೆ ಬೇರೆ! ಮಾಮನಿಗೆ ಅರ್ಥವಾಗದ್ದು ಇದೇ: ಇಷ್ಟವಿದ್ದರೆ ನಗುವುದೇಕೆ? ನಾನೂ ವರ್ಷಗಟ್ಟಲೆ ನಕ್ಕವನೇ. ಆದರೆ ಆ ಹುಡುಗರು ನಕ್ಕರೆ ನನಗೆ ಯಾಕೋ ಸಿಟ್ಟು ಬರುತ್ತದೆ.

2024ರಲ್ಲಿ ಮಿಥುನ್‌ಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಘೋಷಣೆಯಾದ ದಿನ ಗಲ್ಲೆಯ ಮೇಲೆ ಪೇಢೆಯ ಡಬ್ಬಿ ತೆರೆದಿತ್ತು. ಒಬ್ಬ ಹುಡುಗ ‘ಅಂಕಲ್, ಗುಂಡಾಕ್ಕೇನಾ ಕೊಟ್ಟದ್ದು?’ ಎಂದು ಕಣ್ಣು ಮಿಟುಕಿಸಿದ. ಮಾಮ ಅವನಿಗೂ ಪೇಢೆ ಕೊಟ್ಟರು, ಬಿಲ್ಲಿನ ಒಂದು ರೂಪಾಯಿ ಚಿಲ್ಲರೆಯನ್ನು ಮಾತ್ರ ಬಿಡದೆ ವಸೂಲು ಮಾಡಿದರು. ನನಗೆ ಎರಡು ಪೇಢೆ ಸಿಕ್ಕಿತು. ಎರಡನೆಯದನ್ನು ಬಾಯಿಗಿಟ್ಟ ಮೇಲೆಯೇ ಅವರು ಕೇಳಿದ್ದು, ‘ಭಾನುವಾರ ಮಧ್ಯಾಹ್ನ ಏನು ಕೆಲಸ ನಿಮಗೆ?’