ನಜರ್‌ಬಾದೀಯ ದೋಷಾಭಾವ ಮೀಮಾಂಸೆ

ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅದಕ್ಕೆ ಅಧಿಕಾರಿ ಯಾರು ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾಗಿರುವುದರಿಂದ, ನಾವೂ ಆ ಮರ್ಯಾದೆಯನ್ನು ಮೀರದೆ ಅರಿಕೆ ಮಾಡುವುದೇನೆಂದರೆ: ಪ್ರಕೃತ ಪ್ರಬಂಧದ ವಿಷಯವು ಸಾಫ್ಟ್‌ವೇರ್ ಟೆಸ್ಟಿಂಗ್ ಎಂದು ಲೋಕದಲ್ಲಿ ರೂಢವಾಗಿರುವ ದೋಷಾನ್ವೇಷಣೆ, ಪ್ರಯೋಜನವು ತಿಂಗಳ ಕೊನೆಗೆ ಬ್ಯಾಂಕಿನ ಖಾತೆಯಲ್ಲಿ ತಾನಾಗಿಯೇ ಗೋಚರಿಸತಕ್ಕದ್ದು, ಸಂಬಂಧವು ಪರೀಕ್ಷಕನಿಗೂ ಡೆವಲಪರನಿಗೂ ನಡುವಣದ್ದು, ಬಹುಮಟ್ಟಿಗೆ ಮಾತು ಬಿಟ್ಟಿರುವಂಥದ್ದು, ಇನ್ನು ಅಧಿಕಾರಿಯೆಂದರೆ, ಪರರು ಮಾಡಿದ ಕೆಲಸದಲ್ಲಿ ಕುಂದನ್ನು ಕಾಣುವ ಸಹಜಶಕ್ತಿಯುಳ್ಳವನು. ಈ ಕೊನೆಯ ಅರ್ಹತೆಯು ಮದುವೆಮನೆಯ ಎರಡನೆಯ ಪಂಕ್ತಿಯಲ್ಲಿ ಕುಳಿತ ಬಂಧುಗಳಲ್ಲಿ ಹೇರಳವಾಗಿದ್ದರೂ, ಕಂಡ ಕುಂದನ್ನು ಎಷ್ಟು ಗಂಟೆಗೆ, ಯಾವ ಪಾತ್ರೆಯಿಂದ, ಏನು ಬಡಿಸಿದ ತರುವಾಯ ಕಂಡೆವೆಂದು ಅವರು ಬರೆದಿಡುವುದಿಲ್ಲವಾಗಿ, ಅವರನ್ನು ಶಾಸ್ತ್ರಾಧಿಕಾರಿಗಳೆಂದು ಗಣಿಸಲಾಗದು.

ಇಂಥ ಶಾಸ್ತ್ರದ ಪೀಠವು ಊರ ಹೊರಗಿನ ಗಾಜಿನ ಕಟ್ಟಡಗಳಲ್ಲಿರದೆ ಮೈಸೂರಿನ ನಜರ್‌ಬಾದಿನಲ್ಲಿಯೇ ಏಕಿರಬೇಕೆಂದು ಆಕ್ಷೇಪಿಸುವವರು ಇತಿಹಾಸವನ್ನು ಓದಿಲ್ಲ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸುಮಾರು ಒಂದು ಮೈಲಿ ದೂರದ ಈ ದಿಣ್ಣೆಗೆ ಸಾಗಿಸಿ, ನಜರಾಬಾದೆಂಬ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನ ಪತನವಾದ ಮೇಲೆ ಅವೇ ಕಲ್ಲುಗಳನ್ನು ಹಿಂದಕ್ಕೆ ಸಾಗಿಸಿ, ಹಳೆಯ ಸ್ಥಳದಲ್ಲಿಯೇ ಹಳೆಯ ಕೋಟೆಯನ್ನು ಮರಳಿ ಎಬ್ಬಿಸಲಾಯಿತು. ಹೊಸ ಆವೃತ್ತಿಯನ್ನು ಹಿಂದೆಗೆದು ಹಿಂದಿನದನ್ನೇ ಪ್ರತಿಷ್ಠಾಪಿಸುವ ಈ ಕರ್ಮಕ್ಕೆ ಇಂದಿನವರು ರೋಲ್‌ಬ್ಯಾಕ್ ಎನ್ನುತ್ತಾರೆ. ಕುರ್ಚಿಯಿಂದೇಳದೆ ಅದನ್ನು ಮುಗಿಸಿ, ಮಹತ್ಕಾರ್ಯವನ್ನೆಸಗಿದವರಂತೆ ಪಿಜ್ಜಾ ತರಿಸುತ್ತಾರೆ. ನಮ್ಮಲ್ಲಿ ಅದು ಕಲ್ಲು ಕಲ್ಲಾಗಿ ನಡೆಯಿತು. ಹೋದ ಕಲ್ಲುಗಳೆಲ್ಲವೂ ಬಂದವೆಂಬುದಕ್ಕೆ ರಿಗ್ರೆಶನ್ ಪರೀಕ್ಷೆಯ ವರದಿಯೊಂದನ್ನು ಯಾರಾದರೂ ಲಗತ್ತಿಸಿದ್ದರೆ ಮುಂದಿನ ಸಂಶೋಧಕರಿಗೆ ಉಪಕಾರವಾಗುತ್ತಿತ್ತು.

ಪಾಶ್ಚಾತ್ಯರು ಈ ಶಾಸ್ತ್ರದ ಉಗಮವನ್ನು 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕದ ರಿಲೇಯೊಂದರಲ್ಲಿ ಸಿಕ್ಕಿ ಸತ್ತ ಪತಂಗಕ್ಕೆ ಆರೋಪಿಸುತ್ತಾರೆ. ಯಂತ್ರದ ಕುಂದನ್ನು ಬಗ್ ಎನ್ನುವ ರೂಢಿಯು 1878ರಷ್ಟು ಹಿಂದೆಯೇ ಎಡಿಸನ್ನನ ಪತ್ರದಲ್ಲಿರುವುದರಿಂದ ಆ ಪತಂಗಕ್ಕೆ ನಾಮಕರಣದ ಗೌರವವು ಸಲ್ಲದು. ಆದರೆ ಅಲ್ಲಿದ್ದವರು ಮಾಡಿದ ಇನ್ನೊಂದು ಕಾರ್ಯವನ್ನು ನಾವು ಮುಕ್ತಕಂಠದಿಂದ ಶ್ಲಾಘಿಸುತ್ತೇವೆ: ಮಧ್ಯಾಹ್ನ 3 ಗಂಟೆ 45 ನಿಮಿಷ, ಎಫ್ ಫಲಕ, 70ನೆಯ ರಿಲೇ ಎಂದು ದಿನಚರಿಯಲ್ಲಿ ನಮೂದಿಸಿ, ಮೃತಪತಂಗವನ್ನು ಅಂಟುಪಟ್ಟಿಯಿಂದ ಅದೇ ಪುಟಕ್ಕೆ ಅಂಟಿಸಿದರು. ಕಾಲ, ದೇಶ, ಸಾಕ್ಷ್ಯ ಮೂರೂ ಒಂದೇ ಪುಟದಲ್ಲಿ! ಇಂದು ಸ್ಕ್ರೀನ್‌ಶಾಟ್ ಹಾಕದೆ ‘ಪೇಜ್ ಸರಿಯಿಲ್ಲ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರು ಆ ಪತಂಗದ ಮುಂದೆ ತಲೆತಗ್ಗಿಸಬೇಕು.

ಈ ಅಭ್ಯಾಸವು ಹೇಗೆ ಕೈಗೂಡುತ್ತದೆಂಬುದಕ್ಕೆ ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಪರೀಕ್ಷಕಿಯೊಬ್ಬಳು ದೃಷ್ಟಾಂತ. ವೃತ್ತಿಗೆ ಸೇರಿದ ಹೊಸತರಲ್ಲಿ ಆಕೆಯು ವರದಿ ಮಾಡಿದ ದೋಷಗಳೆಲ್ಲವೂ ಗೋಡೆಗೆಸೆದ ಚೆಂಡಿನಂತೆ ಹಿಂದಿರುಗುತ್ತಿದ್ದವು. “ಏನ್ ಮಾಡೋದು ಅಂಕಲ್, ‘ನನ್ ಮಷೀನಲ್ಲಿ ಬರ್ತಿಲ್ವಲ್ಲ’ ಅಂತ ಬರೆದು ಕ್ಲೋಸ್ ಮಾಡಿಬಿಡ್ತಾರೆ” ಎಂದು ಆಕೆ ಹೇಳಿದಾಗ, ಡೆವಲಪರನಿಗೆ ಸ್ವಪ್ರತ್ಯಕ್ಷವನ್ನುಳಿದು ಬೇರೆ ಪ್ರಮಾಣವಿಲ್ಲವೆಂದೂ, ಈ ಅಂಶದಲ್ಲಿ ಅವನು ಚಾರ್ವಾಕನೆಂದೂ ನಾವು ಸಮಾಧಾನ ಹೇಳಿದೆವು. ಆಕೆಯಾದರೋ ನಮ್ಮ ಸಮಾಧಾನವನ್ನು ನೆಚ್ಚದೆ, ಬಡಾವಣೆಯ ಹೆಸರನ್ನೇ ಆಯುಧವಾಗಿ ಹಿಡಿದಳು. ನಜರ್‌ಬಾದ್ ಎಂದು ಗಣಕದಲ್ಲಿ ಬರೆಯುವಾಗ ರ್ ಎಂಬುದು ಮುಂದಿನ ಬಕಾರದ ತಲೆದಾಟಿ ಅರ್ಕಾವೊತ್ತಾಗದಂತೆ ತಡೆಯಲು ನಡುವೆ ಒಂದು ಅಗೋಚರಾಕ್ಷರವನ್ನು ಇರಿಸಬೇಕಾಗುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಒಬ್ಬ ಗ್ರಾಹಕನು ಅದನ್ನಿಟ್ಟು ವಿಳಾಸ ಬರೆಯುತ್ತಾನೆ, ಇನ್ನೊಬ್ಬನು ಅದಿಲ್ಲದೆ ನಜರ್ಬಾದ್ ಎಂದು ಬರೆಯುತ್ತಾನೆ. ಅಂಚೆಯಣ್ಣನಿಗೆ ಎರಡೂ ಒಂದೇ ಊರು, ಎಚ್ಚರವಿಲ್ಲದೆ ರಚಿಸಿದ ತಂತ್ರಾಂಶಕ್ಕೆ ಎರಡು ಬೇರೆ ಬೇರೆ ಲೋಕಗಳು, ಹುಡುಕಿದರೆ ಒಬ್ಬನು ಸಿಕ್ಕುತ್ತಾನೆ, ಮತ್ತೊಬ್ಬನು ಭೂಮಿಯ ಮೇಲೆಯೇ ಇಲ್ಲ. ಏನನ್ನು ಬರೆದೆ, ಯಾವ ಗುಂಡಿಯನ್ನೊತ್ತಿದೆ, ಏನು ಬರಬೇಕಿತ್ತು, ಏನು ಬಂತು ಎಂಬುದನ್ನು ಆಕೆ ಹೆಜ್ಜೆ ಹೆಜ್ಜೆಯಾಗಿ ಬರೆದು ಕಳುಹಿಸಿದಳು. ಚಾರ್ವಾಕನ ಮಷೀನಿನಲ್ಲಿಯೂ ಆ ದೋಷ ಬಂದಿತು. ಅಂದಿನಿಂದ ಆಕೆಯು ತುಂಬಲು ಸಿಕ್ಕ ಯಾವ ಫಾರಮ್ಮನ್ನೂ ಸುಮ್ಮನೆ ಬಿಟ್ಟವಳಲ್ಲ: ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಹೊತ್ತ ಮೈಸೂರಿಗನಿಗೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂದಾಗ ಏನಾಗುತ್ತದೆ, ಹುಟ್ಟಿದ ದಿನ ಫೆಬ್ರವರಿ 29 ಆದರೇನು, ಕನ್ನಡದ ಸೊನ್ನೆಯಿದ್ದೆಡೆ ಅನುಸ್ವಾರ ಬಿದ್ದರೇನು ಎಂಬ ಸಂದೇಹಗಳು ಆಕೆಗೆ ನಿತ್ಯಾಹ್ನಿಕವಾಗಿವೆ.

ಪರೀಕ್ಷೆಯನ್ನು ಎಲ್ಲಿ ಮಾಡಬಾರದೆಂಬ ನಿಯಮಕ್ಕೂ ಪ್ರಮಾಣವು ನಮ್ಮೂರಿನಲ್ಲಿಯೇ ಇದೆ. ಇಲ್ಲಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸುವ ವಿಧಾನವಿದೆ. ಪೂರ್ವಾಚಾರ್ಯರ ಮತವನ್ನು ಹೇಳಿದ ಕೌಟಿಲ್ಯನು, ಆ ಪರೀಕ್ಷೆಗೆ ರಾಜನು ತನ್ನನ್ನಾಗಲಿ ರಾಣಿಯನ್ನಾಗಲಿ ಎಂದಿಗೂ ಗುರಿಯಾಗಿಸಬಾರದೆಂದು ಬೇರೆಯಾಗಿ ವಿಧಿಸುತ್ತಾನೆ. ನಿಜವಾದ ಗ್ರಾಹಕರಿರುವ ಪ್ರೊಡಕ್ಷನ್‌ನಲ್ಲಿ ಟೆಸ್ಟ್ ಮಾಡಕೂಡದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸನವಿಲ್ಲ. ಆದರೂ ಅದನ್ನು ಉಲ್ಲಂಘಿಸಿ, ಸಾವಿರಾರು ಗ್ರಾಹಕರ ಮೊಬೈಲಿಗೆ ‘ಟೆಸ್ಟ್ ಟೆಸ್ಟ್’ ಎಂಬ ಸಂದೇಶವನ್ನು ನಡುರಾತ್ರಿ ರವಾನಿಸುವ ಅಮಾತ್ಯರು ಇಂದಿಗೂ ಇದ್ದಾರೆ.

ಈಗ ಪ್ರಧಾನವಿಚಾರ. 1969ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಡೈಕ್‌ಸ್ಟ್ರನೆಂಬ ಡಚ್ಚರ ಪಂಡಿತನು, ಪರೀಕ್ಷೆಯಿಂದ ದೋಷದ ಇರವನ್ನು ತೋರಿಸಬಹುದೇ ಹೊರತು ಅದರ ಇಲ್ಲದಿರವನ್ನಲ್ಲ ಎಂದು ಹೇಳಿ ವೃತ್ತಿಯವರೆಲ್ಲರ ಉತ್ಸಾಹಕ್ಕೆ ತಣ್ಣೀರೆರಚಿದನು. ಭಾಟ್ಟಮೀಮಾಂಸಕರ ಅನುಪಲಬ್ಧಿಪ್ರಮಾಣವನ್ನು ಅವನು ಓದಿದ್ದರೆ ತುಸು ಮೆತ್ತಗಾಗುತ್ತಿದ್ದನು. ಕಾಣದಿರುವಿಕೆಯಿಂದ ಇಲ್ಲದಿರುವಿಕೆಯನ್ನು ಅರಿಯಬಹುದು, ಆದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶದಲ್ಲಿ ಮಾತ್ರ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆಯಿಲ್ಲವೆಂದು ಅರ್ಥವಲ್ಲ. ಹತ್ತು ಹೌದು-ಅಲ್ಲಗಳ ಒಂದು ಪುಟದಲ್ಲಿ 1024 ಬಗೆಯ ಸಂಯೋಗಗಳಿರಲು, ಅವುಗಳಲ್ಲಿ ಹನ್ನೆರಡನ್ನು ಒತ್ತಿನೋಡಿ ‘ಎಲ್ಲಾ ಪಾಸ್’ ಎಂದು ಹಸಿರು ಬಣ್ಣ ಬಳಿಯುವವನು ದೀಪ ಹಚ್ಚದೆ ಗಡಿಗೆ ಹುಡುಕಿದವನು.

ಅಭಾವವು ನಾಲ್ಕು ವಿಧವೆಂದು ತಾರ್ಕಿಕರು. ಕೋಡ್ ಬರೆಯುವುದಕ್ಕೆ ಮುಂಚೆ ಬಗ್ ಇಲ್ಲದಿರುವುದು ಪ್ರಾಗಭಾವ. ಅದು ಅನಾದಿ, ಮೊದಲ ಸಾಲು ಬಿದ್ದೊಡನೆ ಅಂತ್ಯ. ‘ಅದು ಬಗ್ ಅಲ್ಲ, ಫೀಚರ್’ ಎಂಬಲ್ಲಿರುವುದು ಅನ್ಯೋನ್ಯಾಭಾವ. ಅತ್ಯಂತಾಭಾವವು ರಿಲೀಸ್ ನೋಟಿನಲ್ಲಿ ಮಾತ್ರ ಲಭ್ಯ. ವಿವಾದವಿರುವುದು ಪ್ರಧ್ವಂಸಾಭಾವದಲ್ಲಿ: ಒಡೆದ ಗಡಿಗೆ ಮತ್ತೆ ಹುಟ್ಟದಾದ್ದರಿಂದ ಈ ಅಭಾವಕ್ಕೆ ಆದಿಯುಂಟು, ಅಂತ್ಯವಿಲ್ಲವೆಂದು ನೈಯಾಯಿಕರು ಶತಮಾನಗಳಿಂದ ಸಾಧಿಸಿದ್ದಾರೆ. ಅವರು ಒಂದೇ ಒಂದು ರಿಲೀಸಿನಲ್ಲಿ ಕುಳಿತಿದ್ದರೂ ಹಾಗೆನ್ನುತ್ತಿರಲಿಲ್ಲ. ಸೋಮವಾರ ಸರಿಪಡಿಸಿ ಕ್ಲೋಸ್ ಆದ ಬಗ್ಗು, ಗುರುವಾರ ಬೇರೊಬ್ಬನು ಬೇರೆಲ್ಲೋ ಎರಡು ಸಾಲು ತಿದ್ದಿದ ಕಾರಣದಿಂದ, ಅದೇ ನಂಬರು, ಅದೇ ಮುಖ ಹೊತ್ತು ರೀ-ಓಪನ್ ಆಗುವುದನ್ನು ನಮ್ಮ ಪರೀಕ್ಷಕಿಯು ವಾರವಾರವೂ ಕಾಣುತ್ತಾಳೆ. ಆದುದರಿಂದ ಪ್ರಧ್ವಂಸಾಭಾವವು ಸಾಂತವೆಂದೇ ನಜರ್‌ಬಾದ್ ಪಂಥದ ಸಿದ್ಧಾಂತ.

ಇಷ್ಟನ್ನೂ ಆಕೆಗೆ ಓದಿ ಹೇಳಿದಾಗ, “ಅಂಕಲ್, ಡಿಫರ್ಡ್ ಬಿಟ್ಟುಬಿಟ್ರಲ್ಲ” ಎಂದಳು. ಬಗ್ ಇರುವುದು ಎಲ್ಲರಿಗೂ ತಿಳಿದಿದೆ, ಹೆಜ್ಜೆಗಳೂ ಚಿತ್ರವೂ ಸಿದ್ಧವಾಗಿವೆ, ಚಾರ್ವಾಕನೂ ಒಪ್ಪಿದ್ದಾನೆ. ಆದರೂ ‘ಮುಂದಿನ ರಿಲೀಸಿಗೆ’ ಎಂಬ ಎರಡು ಪದಗಳನ್ನು ಬರೆದಾಕ್ಷಣ ಮ್ಯಾನೇಜರನ ಪಟ್ಟಿಯಲ್ಲಿ ಬಾಕಿಯ ಲೆಕ್ಕ ಸೊನ್ನೆಯಾಗುತ್ತದೆ. ಭಾವಪದಾರ್ಥವೊಂದು ತಾನಿದ್ದ ಸ್ಥಳದಲ್ಲಿಯೇ, ಕಿಂಚಿತ್ತೂ ಕದಲದೆ, ಅಭಾವವಾಗುವ ಈ ಐದನೆಯ ವಿಧವು ಯಾವ ದರ್ಶನಕಾರನಿಗೂ ಹೊಳೆದಿಲ್ಲವಾದ್ದರಿಂದ, ಇದಕ್ಕೆ ನಿಯೋಗಾಭಾವವೆಂದು ಹೆಸರಿಟ್ಟು, ಲಕ್ಷಣವಾಕ್ಯವನ್ನು ಬರೆದುಕೊಡಬೇಕೆಂದು ಆಕೆಯ ಮ್ಯಾನೇಜರನಿಗೆ ವಿನಯಪೂರ್ವಕವಾಗಿ ಪತ್ರ ಕಳುಹಿಸಿದೆವು. ಮುಂದಿನ ರಿಲೀಸಿನ ನಂತರ ನೋಡೋಣವೆಂದು ಉತ್ತರ ಬಂದಿದೆ.