ಡೆಸ್ಕಿನ ಗೆಳೆಯರಿಗೆ, ಒಂದು ಪದದ ಬಗ್ಗೆ

ಕನ್ನಡ ಪತ್ರಿಕೆಗಳ ಉಪಸಂಪಾದಕ ಮಿತ್ರರೇ,

ನಿಮ್ಮ ಹಾಗೆಯೇ ರಾತ್ರಿ ಪಾಳಿಯಲ್ಲಿ ಕೂತು ತಲೆಬರಹ ಕೊಟ್ಟವನು ನಾನು. ಮದುವೆಯಾಗುತ್ತೇನೆಂದು ನಂಬಿಸಿ ಮೂವರು ಹೆಣ್ಣುಮಕ್ಕಳ ಒಡವೆ, ದುಡ್ಡು ನುಂಗಿದವನೊಬ್ಬನ ಸುದ್ದಿಗೆ ‘ಪ್ಲೇಬಾಯ್ ಸೆರೆ’ ಎಂದು ಹಾಕಿದ್ದೆ. ಒಂದೇ ಕಾಲಂನಲ್ಲಿ ಚೊಕ್ಕವಾಗಿ ಕೂತಿತ್ತು. ಮರುದಿನ ಆ ಮೂವರಲ್ಲಿ ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ. ‘ಸರ್, ಅವನು ಆಟ ಆಡಿದ್ದಾ? ನಮ್ಮಮ್ಮನ ನಾಲ್ಕು ಬಳೆ ಹೋಗಿದೆ’ ಎಂದರು. ನನ್ನ ಬಾಯಿ ಕಟ್ಟಿತು. ಆ ಮಾತು ಇನ್ನೂ ಕಿವಿಯಲ್ಲಿದೆ, ಅದಕ್ಕೇ ಈ ಪತ್ರ.

ಇಂಗ್ಲಿಷಿನಲ್ಲಿ ಮೊದಲು ಪ್ಲೇಬಾಯ್ ಎಂಬ ಪದಕ್ಕಿದ್ದ ಅರ್ಥ, ನಾಟಕದಲ್ಲಿ ಪಾರ್ಟು ಮಾಡುವ ಹುಡುಗ. ದುಡಿಮೆಯ ಹಂಗಿಲ್ಲದೆ ಮೋಜಿನಲ್ಲೇ ಕಾಲ ಕಳೆಯುವ ಸಿರಿವಂತ ಎಂಬ ಅರ್ಥ ಆಮೇಲೆ ಬಂತು. ಮದುವೆಯಾಗದವನೇ ಆಗಬೇಕೆಂದೂ ಇಲ್ಲ. ಡೊಮಿನಿಕನ್ ರಾಜತಾಂತ್ರಿಕ ಪೊರ್ಫಿರಿಯೊ ರುಬಿರೋಸ ಐದು ಮದುವೆಯಾದ. ಡೋರಿಸ್ ಡ್ಯೂಕ್, ಬಾರ್ಬರಾ ಹಟನ್‌ರಂಥ ಅಮೆರಿಕದ ಆಗರ್ಭ ಶ್ರೀಮಂತೆಯರೂ ಅವನ ಕೈಹಿಡಿದಿದ್ದರು. ಆದರೂ ಪತ್ರಿಕೆಗಳಿಗೆ ಅವನು ಪ್ಲೇಬಾಯ್.

ಪದವನ್ನು ಲೋಕಕ್ಕೆಲ್ಲ ಹಬ್ಬಿಸಿದವನು ಹ್ಯೂ ಹೆಫ್ನರ್. 1953ರ ಡಿಸೆಂಬರ್‌ನಲ್ಲಿ ಷಿಕಾಗೋದಿಂದ ಹೊರಟ ಅವನ ‘ಪ್ಲೇಬಾಯ್’ ಪತ್ರಿಕೆಯ ಮೊದಲ ಸಂಚಿಕೆ ಖರ್ಚಾದದ್ದು ನಟಿ ಮರ್ಲಿನ್ ಮನ್ರೋಳ ಬತ್ತಲೆ ಚಿತ್ರದ ಬಲದಿಂದ. 1949ರಲ್ಲಿ ಕೈಯಲ್ಲಿ ಕಾಸಿಲ್ಲದಾಗ 50 ಡಾಲರಿಗೆ ಆಕೆ ತೆಗೆಸಿಕೊಂಡಿದ್ದ ಫೋಟೊ ಅದು. ಹೆಫ್ನರ್ ಅದನ್ನು ಕೊಂಡದ್ದು ಕ್ಯಾಲೆಂಡರ್ ಕಂಪನಿಯಿಂದ. ಆಕೆಯನ್ನು ಒಂದು ಮಾತು ಕೇಳಲಿಲ್ಲ, ಆಕೆಗೆ ಬಿಡಿಗಾಸೂ ಸೇರಲಿಲ್ಲ. 1962ರಲ್ಲಿ ಆಕೆ ತೀರಿಕೊಂಡಳು. ಮೂವತ್ತು ವರ್ಷದ ಮೇಲೆ, ಲಾಸ್ ಏಂಜಲೀಸ್‌ನ ಸ್ಮಶಾನದಲ್ಲಿ ಆಕೆಯ ಪಕ್ಕದ ಗೂಡನ್ನೂ ಅವನು 75,000 ಡಾಲರಿಗೆ ಕೊಂಡ. 2017ರಿಂದ ಅಲ್ಲೇ ಇದ್ದಾನೆ. ಪ್ಲೇಬಾಯ್ ಎಂಬ ಪದ ಕಂಡಾಗ ನನ್ನ ಕಣ್ಣಿಗೆ ಕಟ್ಟುವುದು ಆ ಸಮಾಧಿಯ ಗೋಡೆ.

ಪದ ಸಾಲ ತಂದದ್ದಕ್ಕೆ ನನ್ನ ತಕರಾರಿಲ್ಲ. ಬಸ್ಸು, ಪೆನ್ನು ಬಂದ ಹಾಗೆ ಬರಲಿ. ಆದರೆ ಬಸ್ಸೆಂಬ ಪದ ಬಸ್ಸಿನ ಜೊತೆಗೇ ಬಂತು. ಪ್ಲೇಬಾಯ್ ನಮ್ಮಲ್ಲಿದ್ದ ಪದಗಳ ಮೇಲೆ ಮುಸುಕು ಎಳೆಯುತ್ತಿದೆ. ಬಟ್ಟೆ, ಬೈಕು ಎಂದು ಮೆರೆಯುವ ಹುಡುಗನನ್ನು ಶೋಕಿಲಾಲ ಅನ್ನುತ್ತೇವೆ, ಅದರಲ್ಲಿ ಚೂರು ಅಕ್ಕರೆಯೂ ಇದೆ. ಕಂಡವರ ಹಿಂದೆ ಬೀಳುವವನು ಹೆಣ್ಣುಬಾಕ. ಹೊಟ್ಟೆಬಾಕನಲ್ಲಿರುವ ‘ಬಾಕ’ನೇ ಇಲ್ಲೂ ಇರುವುದು, ತಿನ್ನುವವನು ಯಾರು, ಹೋಗುವುದು ಯಾರದು ಎಂದು ಪದವೇ ಹೇಳಿಬಿಡುತ್ತದೆ. ನಂಬಿಸಿ ದೋಚಿದವನಂತೂ ವಂಚಕ. ಇದೇ ಕೆಲಸ ಹೆಂಗಸು ಮಾಡಿದರೆ ನಮಗೆ ‘ಆಟ’ ನೆನಪಾಗುವುದಿಲ್ಲ, ‘ಖತರ್ನಾಕ್ ಲೇಡಿ’ ಎಂದು ದಪ್ಪಕ್ಷರದಲ್ಲಿ ಕೂರಿಸುತ್ತೇವೆ.

‘ಮದುವೆ ಹೆಸರಲ್ಲಿ ವಂಚಿಸಿದವನ ಸೆರೆ’ ಒಂದು ಸಾಲಿಗೆ ಹಿಡಿಯುವುದಿಲ್ಲ, ಗೊತ್ತು. ಎರಡು ಸಾಲು ಮಾಡಿ. ಪುಟ ಕಟ್ಟುವವರು ಗೊಣಗಿದರೆ ಅಕ್ಷರದ ಗಾತ್ರ ಒಂದು ಪಾಯಿಂಟ್ ಇಳಿಸಿ.

ನಿಮ್ಮವನೇ ಆದ
ಒಬ್ಬ ಹಳೆಯ ಉಪಸಂಪಾದಕ